ಒಡಲುಬಾಯಿ

ಜನವರಿ ೯

ಅಕ್ಕಾ,

ಅಮ್ಮನ ಮಂಡಿನೋವು ಹೇಗಿದೆ? ನಿನ್ನಿಂದ ಒಂದು ಸಣ್ಣ ಕೆಲಸ ಆಗಬೇಕು. ಫೋನಿನಲ್ಲಿ ಕೇಳಿದರೆ ಬೋಟು ರಿಪೇರಿ ಯಾರ್ಡಿನ ಗದ್ದಲದಲ್ಲಿ "ಆಮೇಲೆ ಮಾಡ್ತೀನಿ" ಅಂತ ಇಟ್ಟುಬಿಡ್ತೀಯ, ಅದಕ್ಕೇ ಕಾಗದ.

ನಮ್ಮ ನಿಘಂಟು "ಒ" ಅಕ್ಷರಕ್ಕೆ ಬಂದು ಕಾಲು ಮುರಿದುಕೊಂಡು ಕೂತಿದೆ. "ಒಡಲು" ಮುಗೀತು. "ಒಡಲುರಿ"ಗೆ ಹೋಗೋ ಮೊದಲು ನಡುವೆ ಒಂದು ಪದ ಅಡ್ಡ ಮಲಗಿದೆ: ಒಡಲುಬಾಯಿ. ಹಳೆಯ ಮೀನುಗಾರಿಕೆ ವರದಿಯೊಂದರಲ್ಲಿ ಸಿಕ್ಕಿತು, "ಆಳಸಮುದ್ರದ ಒಂದು ಬಗೆಯ ಮೀನು" ಅಂತ. ಅಷ್ಟೇ. ನಮ್ಮ ಪ್ರಧಾನ ಸಂಪಾದಕರು ಸಿಡಿಮಿಡಿಗುಟ್ಟಿದರು: "ಒಂದು ಬಗೆಯ ಮೀನು ಅನ್ನೋದು ಯಾವ ಸೀಮೆ ಅರ್ಥವಯ್ಯಾ? ನಿನ್ನನ್ನು ಒಂದು ಬಗೆಯ ಮನುಷ್ಯ ಅಂತ ಬರೆದು ಕೈತೊಳ್ಕೊಂಡ್ರೆ ಸುಮ್ಮನಿರ್ತೀಯಾ?"

ನಾನು ಬಂದರಿನಲ್ಲಿ ಹುಟ್ಟಿದವನು ಅಂತ ಎಲ್ಲರೂ ನನ್ನ ಮುಖ ನೋಡ್ತಾರೆ. ಚಿಕ್ಕಮ್ಮನ ಮನೆಯಲ್ಲಿ, ಸಮುದ್ರದ ಗಾಳಿಯೂ ಬೀಸದ ಊರಲ್ಲಿ ಬೆಳೆದವನಿಗೆ ತಟ್ಟೆಗೆ ಬಂದ ಮೀನು ಬಿಟ್ಟು ಬೇರೆ ಗೊತ್ತಿಲ್ಲ ಅನ್ನೋಕೆ ನಾಚಿಕೆ. ನಿನಗೆ ಗೊತ್ತಿರುತ್ತೆ. ಇಲ್ಲದಿದ್ದರೆ ಅಮ್ಮನನ್ನು ಕೇಳು. ಹಳೆಯ ಹೆಸರುಗಳೆಲ್ಲ ಅವಳ ಬಾಯಲ್ಲಿವೆ.

ನಿನ್ನ ತಮ್ಮ, ನೀನೇ ಹೆಸರಿಟ್ಟ
ಇರುವೆ


ಜನವರಿ ೨೦

ಇರುವೆ,

ಅದು ಮೀನು. ಬೂದು ಬಣ್ಣ, ಇಲಿಬಾಲದಂಥ ಬಾಲ, ದೊಡ್ಡ ಕಣ್ಣು. ಬಲೆ ತುಂಬಾ ಆಳಕ್ಕೆ ಬಿಟ್ಟಾಗ ಬರುತ್ತೆ. ಮೇಲೆಳೆಯುವಾಗ ಅದರ ಹೊಟ್ಟೆ ಉಬ್ಬಿ ಬಾಯಿಂದ ಈಚೆ ಬರುತ್ತೆ, ಅದಕ್ಕೆ ಆ ಹೆಸರು. ಕೊಳ್ಳೋರಿಲ್ಲ. ಎಸೀತಾರೆ.

ಇಷ್ಟೇ. ಬೇರೆ ಅರ್ಥ ಇಲ್ಲ. ಅಮ್ಮನನ್ನು ಕೇಳಬೇಡ.

ಮಂಡಿನೋವು ಹಾಗೇ ಇದೆ. ಯಾರ್ಡಿನಲ್ಲಿ ಎರಡು ಬೋಟು ರಿಪೇರಿಗೆ ಮೇಲೆ ಹತ್ತಿಸಿದ್ದಾರೆ, ವೆಲ್ಡಿಂಗ್ ಮುಗಿಯೋವರೆಗೆ ನನಗೆ ತಲೆ ಕೆರೆಯೋಕೂ ಪುರುಸೊತ್ತಿಲ್ಲ.

ಅಕ್ಕ


ಜನವರಿ ೨೭

ಅಕ್ಕಾ,

ಭೇಷ್! ನಿನ್ನ ಐದು ಸಾಲಿಗೆ ಪ್ರಧಾನ ಸಂಪಾದಕರು ತಲೆದೂಗಿದರು. ಆದರೆ ಯಾರ್ಡಿನ ಮೇಸ್ತ್ರಿಯೇ, ನೀನೂ ಒಂದು ಕಡೆ ಸೋತೆ. "ಬೇರೆ ಅರ್ಥ ಇಲ್ಲ" ಅಂದೆಯಲ್ಲ? (ನಾನು ಕೇಳಿರಲೂ ಇಲ್ಲ!) ಇದೆಯಂತೆ.

ನಿಮ್ಮ ಬೋಟು ಮಾಲೀಕರ ಸಂಘಕ್ಕೂ ಬರೆದಿದ್ದೆವು. ಅಧ್ಯಕ್ಷರೇ ಉತ್ತರ ಕೊಟ್ಟಿದ್ದಾರೆ. ಚಿಕ್ಕ ಯಜಮಾನರು ಅಂತಾರಂತೆ, ನಿನ್ನ ಯಾರ್ಡೂ ಅವರದೇ ಅಲ್ವಾ? ತುಂಬಾ ಸಜ್ಜನರು. ಅಚ್ಚಿಗೆ ಹೋಗೋ ಕರಡು ಹೀಗಿದೆ, ನೋಡು:

ಒಡಲುಬಾಯಿ (ನಾ). ೧. ಆಳಸಮುದ್ರದ ಮೀನು, ಮೇಲೆಳೆದಾಗ ಹೊಟ್ಟೆ ಬಾಯಿಂದ ಹೊರಬರುವುದರಿಂದ ಈ ಹೆಸರು. ೨. (ಆಡುಮಾತು, ಹಾಸ್ಯ) ಒಳಗಿನದೆಲ್ಲ ಕಾರುವ, ಬಾಯಿಗೆ ಹಿಡಿತವಿಲ್ಲದ ಹೆಂಗಸು. ಗಾದೆ: ಒಡಲುಬಾಯಿ ಗಂಡ ಮುಳುಗಿ ಬದುಕಿದ.

"ಮುಳುಗಿ ಬದುಕಿದ" ಅನ್ನೋದು ಎಷ್ಟು ಜೀವಂತವಾಗಿದೆ ನೋಡು! ಹೆಂಡತಿಯ ಬಾಯಿಂದ ತಪ್ಪಿಸಿಕೊಳ್ಳೋಕೆ ಸಮುದ್ರದ ತಳವೇ ಲೇಸು ಅಂತ. ಕಚೇರಿಯಲ್ಲಿ ಗಟ್ಟಿಯಾಗಿ ಓದಿದೆ, ನಕ್ಕೂ ನಕ್ಕೂ ಟೈಪಿಸ್ಟಿನ ಕಾಫಿ ಮೇಜಿಗೆಲ್ಲ ಚೆಲ್ಲಿತು. ಅಮ್ಮನಿಗೂ ಹೇಳು, ನಗ್ತಾಳೆ.

ಇರುವೆ


ಫೆಬ್ರವರಿ ೩

ನಕ್ಕೆಯಾ? ಎಲ್ಲರೂ ಸೇರಿ ನಕ್ಕಿರಾ?

ಮುಳುಗಿದವನು ನಿನ್ನ ಅಪ್ಪ. ಒಡಲುಬಾಯಿ ನಿನ್ನ ಅಮ್ಮ. ಈಗ ಇನ್ನೊಂದು ಸಲ ಗಟ್ಟಿಯಾಗಿ ಓದು. ಎಷ್ಟು ಜೀವಂತವಾಗಿದೆ ನೋಡು.

ನಿನಗೆ ಹೇಳಬಾರದು ಅಂತ ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಬಿರುಗಾಳಿಗೆ ಸಿಕ್ಕಿ ಹೋದರು ಅಂತ ನಿನಗೆ ಹೇಳಿದ್ದು ನಾನೇ. ಸುಳ್ಳು. ಆ ವಾರ ಒಂದೆಲೆ ಅಲ್ಲಾಡಿರಲಿಲ್ಲ. ಹಗ್ಗದ ಮೇಲೆ ಒಣಹಾಕಿದ ಬಟ್ಟೆ ಹಾಕಿದ ಹಾಗೇ ಇರ್ತಿತ್ತು.

ಅಪ್ಪ ಬೋಟಿನ ಎಂಜಿನ್ ನೋಡಿಕೊಳ್ತಿದ್ದ. ಹೊರಡೋ ಮುಂಚೆ ಮನೆಗೆ ಬಂದವನು ಗ್ರೀಸು ಕೈ ತೊಳೀತಾ ಅಮ್ಮನಿಗೆ ಹೇಳಿದ: "ತಳದ ನೀರು ಎತ್ತೋ ಪಂಪು ಸತ್ತಿದೆ. ಯಜಮಾನನಿಗೆ ಹೇಳಿದೆ. ಈ ಸಲ ಹೋಗಿಬಾ, ಬಂದ ಮೇಲೆ ಮಾಡಿಸೋಣ ಅಂದ." ನಾನು ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡೆ. ನೀನು ನನ್ನ ಕಂಕುಳಲ್ಲಿದ್ದೆ. ಬೋಟು ಬರಲಿಲ್ಲ.

ದೊಡ್ಡ ಯಜಮಾನ, ಅಂದ್ರೆ ನಿಮ್ಮ ಸಜ್ಜನರ ಅಪ್ಪ, ಬಿರುಗಾಳಿ ಅಂತ ಬರೆಸಿದ. ಅಮ್ಮ ಹರಾಜು ಕಟ್ಟೆಗೆ ಹೋದಳು. ಮೀನಿನ ಪೆಟ್ಟಿಗೆ ಮೇಲೆ ಹತ್ತಿ ನಿಂತು ಕೂಗಿದಳು: "ಗಾಳಿ ಅಲ್ಲ, ಪಂಪು! ಗೊತ್ತಿದ್ದೂ ಕಳಿಸಿದ!" ಹರಾಜು ನಿಂತಿತು. ಎಲ್ಲರೂ ಯಜಮಾನನ ಕಡೆ ತಿರುಗಿದರು. ಆಗ ಅವನು ಏನು ಮಾಡಿದ ಗೊತ್ತಾ? ಎಸೆಯೋ ಬುಟ್ಟಿಗೆ ಕೈಹಾಕಿ ಆ ಮೀನು ಎತ್ತಿ ಹಿಡಿದ. ಹೊಟ್ಟೆ ಬಾಯಿಂದ ನೇತಾಡ್ತಿತ್ತು. "ನೋಡ್ರಪ್ಪಾ, ಒಡಲುಬಾಯಿ! ಪಾಪ, ಇದರ ಗಂಡ ಮುಳುಗಿ ಬದುಕಿದ" ಅಂದ.

ಒಬ್ಬ ನಕ್ಕ. ಆಮೇಲೆ ಇಡೀ ಕಟ್ಟೆ ನಕ್ಕಿತು. ಅಪ್ಪನ ಜೊತೆ ಮುಳುಗಿದವರ ಅಣ್ಣತಮ್ಮಂದಿರೂ ನಕ್ಕರು, ನಾಳೆ ಅದೇ ಯಜಮಾನನ ಬೋಟು ಹತ್ತಬೇಕಲ್ಲ. ನಗು ನಿಲ್ಲೋ ಹೊತ್ತಿಗೆ ಪಂಪಿನ ಮಾತು ಮುಗಿದುಹೋಗಿತ್ತು.

ಅದು ಗಾದೆ ಅಲ್ಲ ಕಣೋ. ಹೊಟ್ಟೆಕಿಚ್ಚಿನ ಅತ್ತೆಯೋ ಜಗಳಗಂಟಿ ನಾದಿನಿಯೋ ಹುಟ್ಟಿಸಿದ್ದಲ್ಲ. ಒಬ್ಬ ಮನುಷ್ಯ, ಒಂದು ಹಗಲು, ಬಾಯಿ ಮುಚ್ಚಿಸೋಕೆ ಹೇಳಿದ್ದು.

ನಿನ್ನನ್ನು ಚಿಕ್ಕಮ್ಮನ ಮನೆಗೆ ಕಳಿಸಿದ್ದು ಓದಿಸೋಕಲ್ಲ. ಬೀದಿಯಲ್ಲಿ ನೀನು ಕಾಲಿಟ್ಟರೆ ಮಕ್ಕಳು "ಒಡಲುಬಾಯಿ ಮರಿ, ಒಡಲುಬಾಯಿ ಮರಿ" ಅಂತ ಹಿಂದೆ ಬೀಳ್ತಿದ್ದರು. ನೀನು ಅದೇನೋ ಮುದ್ದಿನ ಹೆಸರು ಅಂದುಕೊಂಡು ನಗ್ತಿದ್ದೆ. ಅಮ್ಮನಿಗೆ ಅದನ್ನು ನೋಡೋಕಾಗಲಿಲ್ಲ.

ತೆಗೆದುಹಾಕು. ಆ ಪದ ನಿನ್ನ ಪುಸ್ತಕದಲ್ಲಿ ಇರಕೂಡದು.

ಅಕ್ಕ


ಫೆಬ್ರವರಿ ೧೦

ಅಕ್ಕಾ,

ನಿನ್ನ ಕಾಗದ ಕಚೇರಿಯ ಮೆಟ್ಟಿಲ ಮೇಲೆ ನಿಂತು ಓದಿದೆ. ಅವತ್ತು ಒಳಗೆ ಹೋಗದೆ ಮನೆಗೆ ವಾಪಸ್ ಬಂದೆ.

ನಕ್ಕಿದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆ. ಆದರೆ ನನಗೆ ಸಿಟ್ಟೂ ಇದೆ, ಅದನ್ನೂ ಕೇಳಿಸಿಕೋ. ನನ್ನ ಅಪ್ಪ ಹೇಗೆ ಸತ್ತ ಅಂತ ಬಂದರಿನ ಬೀದಿ ಮಕ್ಕಳಿಗೆಲ್ಲ ಗೊತ್ತು, ನನಗೆ ಗೊತ್ತಿಲ್ಲ! ನಾನೇನು ಗಾಜಿನ ಗೊಂಬೆಯಾ? ನೀವಿಬ್ಬರೂ ಸೇರಿ ನನ್ನನ್ನು ಮೂರ್ಖನ ಹಾಗೆ ಬೆಳೆಸಿದಿರಿ. ಹೇಳಿದ್ದಿದ್ದರೆ ನಾನು ನಗ್ತಿದ್ದೆನಾ?

ಇನ್ನೂ ಒಂದು. ಅಪ್ಪನನ್ನು ಕೊಂದವರ ಯಾರ್ಡಿನಲ್ಲೇ ನೀನು ಹೇಗೆ ಕೆಲಸ ಮಾಡ್ತೀಯ? ಬೆಳಿಗ್ಗೆ ಎದ್ದು ಆ ಮನುಷ್ಯನಿಗೆ ಹೇಗೆ ನಮಸ್ಕಾರ ಹೇಳ್ತೀಯ?

ಪದ ತೆಗೆಯೋ ವಿಷಯ ಅಷ್ಟು ಸುಲಭ ಅಲ್ಲ. ನಾವು ಪದಗಳನ್ನು ಸಾಕೋದಿಲ್ಲ, ಕೊಲ್ಲೋದೂ ಇಲ್ಲ, ಜನ ಆಡಿದ್ದನ್ನು ಬರೀತೀವಿ. "ಹಾಸ್ಯ" ಅನ್ನೋದನ್ನು ಹೊಡೆದು "ನಿಂದೆ" ಅಂತ ಮಾಡಿದ್ದೀನಿ. ಆ ಸುಳ್ಳು ಗಾದೆ ಕಿತ್ತು ಹಾಕ್ತೀನಿ. ನನಗೆ ಒಂದು ಗೊತ್ತಾಗಬೇಕು: ಈ ಎರಡನೇ ಅರ್ಥ ಈಗಲೂ ಬಳಕೆಯಲ್ಲಿದೆಯಾ? ಇಲ್ಲದಿದ್ದರೆ "ಹಳೆಯ ಬಳಕೆ" ಅಂತ ಗುರುತು ಹಾಕಬಹುದು.

ಇರುವೆ


ಫೆಬ್ರವರಿ ೨೪

ಇರುವೆ,

ಉತ್ತರ ತಡ ಆಯ್ತು. ನಿನ್ನ ಕಾಗದ ಹರಿದು ಹಾಕಿದ್ದೆ, ಆಮೇಲೆ ಜೋಡಿಸಿ ಓದಿದೆ.

ಹೇಗೆ ನಮಸ್ಕಾರ ಹೇಳ್ತೀಯ ಅಂದೆ. ಕೈ ಜೋಡಿಸಿ ಹೇಳ್ತೀನಿ. ಇಲ್ಲಿ ಇರೋದು ಒಂದೇ ಯಾರ್ಡು. ಅಮ್ಮನಿಗೆ ಯಾರೂ ಕೆಲಸ ಕೊಡದಿದ್ದಾಗ ನಾನು ಶಾಲೆ ಬಿಟ್ಟು ಅಲ್ಲಿ ತುಕ್ಕು ಕೆರೆಯೋಕೆ ಸೇರಿದೆ. ನಿನ್ನ ಕಾಲೇಜು ಹಾಸ್ಟೆಲ್ಲಿನ ಊಟ ಆಕಾಶದಿಂದ ಉದುರ್ತಿತ್ತು ಅಂದುಕೊಂಡೆಯಾ? ದಡದಲ್ಲಿ ನಿಂತವನಿಗೆ ಈಜು ಬಲು ಸಲೀಸು.

ಈಗಲೂ ಬಳಕೆಯಲ್ಲಿದೆಯಾ ಅಂತ ಕೇಳಿದೆ. ಇದೆ. ಬರ್ಕೋ.

ಮೇಲೆ ಹತ್ತಿಸಿರೋ ಬೋಟುಗಳಲ್ಲಿ ದೊಡ್ಡದು ಆಳಸಮುದ್ರಕ್ಕೆ ಹೋಗೋದು. ನಮ್ಮ ಪಕ್ಕದ ಮನೆಯವನೇ ಅದರ ಚುಕ್ಕಾಣಿ ಹಿಡಿಯೋನು, ಅವನ ಹೆಂಡತಿ ಬಸುರಿ. ತಳದ ತಗಡನ್ನು ಸುತ್ತಿಗೆಯಲ್ಲಿ ಬಡಿದು ನೋಡಿದೆ. ಒಳ್ಳೆ ಕಬ್ಬಿಣ ಗಂಟೆ ಹಾಗೆ ಕೂಗುತ್ತೆ. ಇದು ರಟ್ಟಿನ ಹಾಗೆ ಗುಂಯ್ ಅಂತು. ತಿಂದುಹೋಗಿದೆ, ಕೊಯ್ದು ಹೊಸದು ಹಾಕಬೇಕು. ಚಿಕ್ಕ ಯಜಮಾನನಿಗೆ ಹೇಳಿದೆ. "ಒಳಗಡೆ ಸಿಮೆಂಟು ತುಂಬಿಸಿ ಹೊರಗೆ ಬಣ್ಣ ಹೊಡೆಸು ಮೇಸ್ತ್ರಿ, ಸೀಸನ್ ಮುಗಿದ ಮೇಲೆ ನೋಡೋಣ" ಅಂದ. "ಸಿಮೆಂಟು ತಗಡಲ್ಲ ಸಾರ್, ಅಲೆ ಹೊಡೆದರೆ ಉದುರುತ್ತೆ" ಅಂದೆ. ಅವನಿಗೆ ಸಿಟ್ಟೇ ಬರಲಿಲ್ಲ. ನಕ್ಕ. ಎಲ್ಲ ಹುಡುಗರ ಎದುರಿಗೆ, ಬೆನ್ನು ತಟ್ಟೋ ಹಾಗೆ, "ಮೇಸ್ತ್ರಿ, ನೀನೂ ಒಡಲುಬಾಯಿ ಆಗಬೇಡ" ಅಂದ.

ನಾನು ಸುಮ್ಮನಾದೆ. ಇಬ್ಬರನ್ನು ಕರೆದು ಸಿಮೆಂಟು ಕಲಸೋಕೆ ಹೇಳಿದೆ.

ಈಗ ಗೊತ್ತಾಯ್ತಾ ಅದರ ಅರ್ಥ? ಹಿಡಿತವಿಲ್ಲದ ಹೆಂಗಸು ಅಂತಲ್ಲ. "ಹಿಡಿತ" ಅಂತ. ಆ ಪದ ಒಂದು ಕೈ. ಬಾಯಿ ಮೇಲೆ ಬರುತ್ತೆ.

ಬೋಟಿಗೆ ಬಣ್ಣ ಒಣಗ್ತಿದೆ. ಪಕ್ಕದ ಮನೆಯಾಕೆ ಬೆಳಿಗ್ಗೆ ಬಂದು ಮಗುವಿಗೆ ಹೆಸರು ಹುಡುಕಿಕೊಡು ಅಂದಳು. ನಾನು ಅವಳ ಮುಖ ನೋಡದೆ ಪಾತ್ರೆ ತೊಳೀತಿದ್ದೆ.

ಅಕ್ಕ


ಫೆಬ್ರವರಿ ೨೮

ಅಕ್ಕಾ,

ಹಿಂದಿನ ಕಾಗದದಲ್ಲಿ ನಾನು ಕೇಳಬಾರದ್ದು ಕೇಳಿದೆ. ಅದನ್ನು ಆಮೇಲೆ ಬೈದುಕೋ. ಬೋಟು ಯಾವಾಗ ಇಳಿಸ್ತಾರೆ? ಫೋನು ಯಾಕೆ ಎತ್ತುತ್ತಿಲ್ಲ? ಬಂದರಿನ ಸುರಕ್ಷತಾ ಅಧಿಕಾರಿಗೆ ನಾನು ಇಲ್ಲಿಂದ ಕರೆ ಮಾಡಿದೆ. "ನೀವು ಯಾರು? ತಗಡು ನೋಡಿದ್ದೀರಾ?" ಅಂದ. ನಿಘಂಟಿನವನು ಅಂದೆ. ಇಟ್ಟುಬಿಟ್ಟ.

ಹೇಳು ಅಕ್ಕಾ. ಯಾರಿಗಾದರೂ ಹೇಳು. ಕೆಲಸ ಹೋದರೆ ಹೋಗಲಿ, ಇಲ್ಲಿಗೆ ಬನ್ನಿ ಇಬ್ಬರೂ.

ಇರುವೆ


ಮಾರ್ಚ್ ೮

ಇರುವೆ,

ನಿನ್ನ ಕಾಗದ ಬರೋ ಮೊದಲೇ ಆಗಿಹೋಗಿತ್ತು. ನೀನು ಹೇಳಿದ್ದಕ್ಕೆ ಮಾಡಿದೆ ಅಂದುಕೊಂಡು ಉಬ್ಬಬೇಡ.

ಮೊದಲು ಚುಕ್ಕಾಣಿಯವನಿಗೆ ಹೇಳಿದೆ. "ಸೀಸನ್ ನಡೀತಿದೆ ಅಕ್ಕಾ, ನಿಮ್ಮ ಮನೆಯವರಿಗೆ ಮೊದಲಿಂದಲೂ ಅನುಮಾನ ಜಾಸ್ತಿ" ಅಂದ. ಅನುಮಾನ! ಮೈಯೆಲ್ಲ ಉರೀತು. ಅಧಿಕಾರಿ ಹತ್ತಿರ ಹೋದೆ, ಬರೆದುಕೊಡಿ ಮುಂದಿನ ವಾರ ಬರ್ತೀನಿ ಅಂದ. ಬೋಟು ಇಳಿಸೋದು ಮಾರನೇ ದಿನ.

ಮಾರನೇ ದಿನ ಎಲ್ಲರೂ ಸೇರಿದ್ದರು. ಸಾಮಾನು ಏರಿಸಿ ಆಗಿತ್ತು, ಹುಡುಗರು ತಮ್ಮ ಹಾಸಿಗೆಗಳನ್ನೂ ಏರಿಸಿದ್ದರು. ಚಿಕ್ಕ ಯಜಮಾನ ಬಿಳಿ ಅಂಗಿ ಹಾಕಿ ನಿಂತಿದ್ದ. ನಾನು ದೊಡ್ಡ ಸುತ್ತಿಗೆ ತಗೊಂಡು ಬೋಟಿನ ಅಡಿಗೆ ಹೋದೆ. "ಏನು ಮೇಸ್ತ್ರಿ?" ಅಂದ. "ಕೊನೇ ಸಲ ನೋಡ್ತೀನಿ ಸಾರ್" ಅಂದೆ. ಸಿಮೆಂಟು ಮುಗಿಯೋ ಜಾಗ ನನಗೆ ಗೊತ್ತಲ್ಲ, ಹಾಕಿಸಿದವಳು ನಾನೇ. ಅದರ ಪಕ್ಕಕ್ಕೆ ಹೊಡೆದೆ. ಜೋರಾಗೂ ಅಲ್ಲ. ಸುತ್ತಿಗೆ ಒಳಗೆ ಹೋಗಿ ಸಿಕ್ಕಿಹಾಕಿಕೊಂಡಿತು.

ಚಿಕ್ಕ ಯಜಮಾನ ಓಡಿಬಂದ. "ಬೋಟಿಗೆ ತೂತು ಮಾಡಿದ್ಲು! ಪೊಲೀಸರನ್ನ ಕರೀರಿ! ಒಡಲುಬಾಯಿ ಹೊಟ್ಟೇಲಿ ಇನ್ನೇನು ಹುಟ್ಟುತ್ತೆ!" ಅಂತ ಕಿರುಚಿದ. ನಗಲಿ ಅಂತ ಸುತ್ತ ನೋಡಿದ. ಚುಕ್ಕಾಣಿಯವನು ಬಂದು ಸುತ್ತಿಗೆ ಕಿತ್ತ. ಆ ತೂತಿಗೆ ಬೆರಳು ಹಾಕಿ ಅಂಚು ಮುರಿದ. ಬಣ್ಣದ ಸಮೇತ ಒಣಗಿದ ಎಲೆ ಹಾಗೆ ಮುರೀತು. ಇನ್ನೊಂದು ಚೂರು ಮುರಿದ. ಅದನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದ, ಆಮೇಲೆ ಏಣಿ ಹತ್ತಿ ಮೇಲೆ ಹೋಗಿ ತನ್ನ ಹಾಸಿಗೆ ಸುತ್ತಿಕೊಂಡು ಇಳಿದ. ಒಬ್ಬರ ಹಿಂದೆ ಒಬ್ಬರು ಹೋಗಿ ಹಾಸಿಗೆ ಇಳಿಸಿದರು. ನನ್ನ ಜೊತೆ ಯಾರೂ ಮಾತಾಡಲಿಲ್ಲ. ಒಬ್ಬನಂತೂ ನನ್ನ ಕಾಲ ಹತ್ತಿರ ಉಗಿದ, ಸೀಸನ್ ಹಾಳಾಯ್ತು ಅಂತ.

ಕೆಲಸ ಹೋಯ್ತು. ಪೊಲೀಸರು ಬಂದರು, ತೂತು ನೋಡಿ ವಾಪಸ್ ಹೋದರು. ಈಗ ವಿಚಾರಣೆ ಅಂತೆ, ಹೊರಗಿನಿಂದ ಅಧಿಕಾರಿ ಬರ್ತಾನಂತೆ. ಅಮ್ಮನಿಗೆ ಕೆಲಸ ಬಿಟ್ಟೆ ಅಂತ ಮಾತ್ರ ಹೇಳಿದ್ದೀನಿ. ಅವಳ ಕಿವಿಗೆ ಆ ಪದ ಮತ್ತೆ ಬೀಳೋದು ಬೇಡ.

ಅಕ್ಕ


ಮಾರ್ಚ್ ೨೦

ಅಕ್ಕಾ,

ನಿನ್ನ ಕಾಗದ ಮೂರು ಸಲ ಓದಿದೆ. ಪಕ್ಕದ ಮನೆಯ ಮಗು ಹುಟ್ಟಿದಾಗ ಹೇಳು, ಹೆಸರು ನಾನು ಹುಡುಕ್ತೀನಿ.

ಇಲ್ಲಿಯ ಸುದ್ದಿ. ನಾನು ಕರಡು ತಿದ್ದಿದ್ದೆ: "೨. ಸತ್ಯ ಹೇಳುವವರ ಬಾಯಿ ಮುಚ್ಚಿಸಲು ಬಳಸುವ ನಿಂದೆ." ಪ್ರಧಾನ ಸಂಪಾದಕರೂ ಮೊದಲು ಒಪ್ಪಿದ್ದರು. ತಿದ್ದಿದ್ದನ್ನು ಕಚೇರಿಯಿಂದ ಸಂಘಕ್ಕೂ ಕಳಿಸಿದ್ದರು, ಹಿಂದೆಯೇ ಚಿಕ್ಕ ಯಜಮಾನನ ಕಾಗದ ಬಂತು. ಸಂಘದ ಹೆಸರಿಗೆ ಮಸಿ ಬಳೀತಿದ್ದೀರಿ, ವಕೀಲರ ಮೂಲಕ ಮಾತಾಡೋಣ ಅಂತ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ.

ಪ್ರಧಾನ ಸಂಪಾದಕರು ನನ್ನನ್ನು ಕರೆದರು. "ಅಪರೂಪದ ಪದ ಮಾರಾಯಾ. ಬಿಟ್ಟರೆ ಯಾರು ಕೇಳ್ತಾರೆ?"

"ನಾನು ಕೇಳ್ತೀನಿ" ಅಂದೆ.

"ನಿನ್ನ ಮನೆ ಜಗಳಕ್ಕೆ ನಿಘಂಟು ಜಾಗ ಅಲ್ಲ."

"ಅವನ ಮನೆ ಗಾದೆಗೆ ಜಾಗ ಇತ್ತಲ್ಲ ಸಾರ್? ಅದಕ್ಕೆ ನೀವೂ ನಕ್ಕಿರಿ!" ಅಂತ ಮೇಜು ಗುದ್ದಿದೆ. ಕಚೇರಿ ಎಲ್ಲ ಎದ್ದು ನಿಂತಿತು. ಏನೂ ಆಗಲಿಲ್ಲ. ಪದವನ್ನೇ ಪೂರ್ತಿ ತೆಗೆದರು, ಮೀನಿನ ಅರ್ಥವನ್ನೂ ಸೇರಿಸಿ. "ಒಡಲು" ಆದ ಮೇಲೆ ನೇರ "ಒಡಲುರಿ." ಹಾಳೆ ಅಚ್ಚಿಗೆ ಹೋಯ್ತು.

ನೀನು ಮೊದಲು ಕೇಳಿದ್ದೂ ಇದನ್ನೇ ಅಲ್ವಾ, ತೆಗೆದುಹಾಕು ಅಂತ? ಒಂದು ರೀತಿ ಒಳ್ಳೇದೇ ಆಯ್ತೇನೋ. ಅಮ್ಮನಿಗೆ ಇದ್ಯಾವುದೂ ಗೊತ್ತಾಗದೆ ಮುಗೀತಲ್ಲ.

ಇರುವೆ


ಮಾರ್ಚ್ ೩೦

ಒಳ್ಳೇದಾಯ್ತಾ?

ಈಚೆ ದಡದಲ್ಲಿ ಬಾಯಿ ಮುಚ್ಚಿಸೋಕೆ ಪದ ಬೇಕು, ಆಚೆ ದಡದಲ್ಲಿ ಪುಸ್ತಕದಲ್ಲಿ ಪದ ಇರಬಾರದು. ಎರಡೂ ಅವನಿಗೇ ಲಾಭ. ನಾನು ತೆಗೆ ಅಂದದ್ದು ನಿಜ. ಆಗ ನನಗೆ ಬುದ್ಧಿ ಇರಲಿಲ್ಲ, ಸಿಟ್ಟಿತ್ತು. ಈಗ ಎರಡೂ ಇದೆ.

ವಿಚಾರಣೆ ಮೊನ್ನೆ ಆಯ್ತು. ಬಂದರಿನ ಕಚೇರಿಯ ಉದ್ದ ಕೋಣೆ, ಫ್ಯಾನು ತಿರುಗಿದರೂ ಬೆವರು. ನಾನು ಹೇಳೋದು ಹೇಳಿದೆ. ಚುಕ್ಕಾಣಿಯವನು ಆ ತಗಡಿನ ಚೂರು ಮೇಜಿನ ಮೇಲಿಟ್ಟ. ಯಜಮಾನನ ವಕೀಲ ಎದ್ದ. "ಈಕೆಯ ಮನೆಯವರಿಗೆ ಸುಳ್ಳು ಹಬ್ಬಿಸೋದು ಹಳೇ ಚಾಳಿ ಸಾರ್. ತಾಯಿಯನ್ನು ಇಡೀ ಬಂದರು ಒಡಲುಬಾಯಿ ಅಂತಲೇ ಕರೆಯುತ್ತೆ" ಅಂದ.

ಅಧಿಕಾರಿ ಹೊರಗಿನವನು. "ಹಾಗಂದ್ರೇನು?" ಅಂದ.

"ಒಂದು ಮೀನು ಸಾರ್."

"ಪೂರ್ತಿ ಹೇಳಿ" ಅಂತ ಹಿಂದಿನಿಂದ ಒಂದು ದನಿ ಬಂತು. ಅಮ್ಮ! ಯಾವಾಗ ಬಂದಳೋ, ಹೇಗೆ ಬಂದಳೋ, ಆ ಮಂಡಿ ಇಟ್ಟುಕೊಂಡು. ಪಕ್ಕದ ಮನೆ ಬಸುರಿ ಕೈ ಹಿಡ್ಕೊಂಡು ನಿಂತಿದ್ದಳು. ವಕೀಲ ಕಾಗದ ತಿರುವಿದ. ಚಿಕ್ಕ ಯಜಮಾನ ನೆಲ ನೋಡಿದ. ಕೋಣೆಯಲ್ಲಿ ಅರ್ಧ ಜನಕ್ಕೆ ಗೊತ್ತು, ಒಬ್ಬರೂ ಹೇಳಲಿಲ್ಲ.

ಅಮ್ಮನೇ ಹೇಳಿದಳು. ಪಂಪು ಹೇಳಿದಳು, ಅಪ್ಪನ ಮಾತು ಹೇಳಿದಳು, ಹರಾಜು ಕಟ್ಟೆ ಹೇಳಿದಳು. ದನಿ ಒಂದು ಸಲವೂ ಏರಲಿಲ್ಲ. ಅಧಿಕಾರಿ ಎಲ್ಲ ಬರೆದುಕೊಂಡ. ಕೊನೆಗೆ, "ನಿಮ್ಮ ಗಂಡನ ಬೋಟಿನ ವಿಷಯ ಬಹಳ ಹಳೇದಾಯ್ತು ತಾಯೀ, ನಾನೇನೂ ಮಾಡೋಕಾಗಲ್ಲ" ಅಂದ. "ಮಾಡಿ ಅಂತ ನಾನೆಲ್ಲಿ ಕೇಳಿದೆ? ಅವರು ಅರ್ಧ ಹೇಳಿದ್ದರು, ಪೂರ್ತಿ ಹೇಳಿದೆ" ಅಂದಳು.

ಆ ಬೋಟಿನ ಪರವಾನಗಿ ರದ್ದಾಯ್ತು. ಮಿಕ್ಕ ಬೋಟುಗಳನ್ನೆಲ್ಲ ಸುತ್ತಿಗೆ ಹಾಕಿ ನೋಡಬೇಕು ಅಂತ ಆಜ್ಞೆ ಆಗಿದೆ. ನನಗೆ ಕೆಲಸ ವಾಪಸ್ ಬಂದಿಲ್ಲ. ಉಗಿದವನು ಇನ್ನೂ ಮಾತಾಡಿಸ್ತಿಲ್ಲ.

ಮನೆಗೆ ಬರುವಾಗ ಅಮ್ಮ ನನಗೆ ಬೈದ ಬೈಗುಳ ಇಲ್ಲಿ ಬರೆಯೋಕಾಗಲ್ಲ. ನಾವು ಬಚ್ಚಿಟ್ಟಿದ್ದೆಲ್ಲ ಅವಳಿಗೆ ಗೊತ್ತಿತ್ತಂತೆ. ನಿನ್ನ ಕಾಗದಗಳನ್ನೂ ಓದಿದ್ದಾಳೆ. ಇಗೋ, ಪೆನ್ನು ಕಿತ್ತುಕೊಳ್ತಿದ್ದಾಳೆ.

ಮಗನೇ,

ನನ್ನನ್ನು ಕೇಳದೆ ಬರೆದಿರಿ. ನನ್ನನ್ನು ಕೇಳದೆ ತೆಗೆದಿರಿ. ಅವಳು ನನ್ನ ಕಿವಿ ಮುಚ್ಚಿದಳು, ನೀನು ಮುಗೀತು ಅಂದೆ. ಯಜಮಾನ ಒಂದು ಸಲ ಬಾಯಿ ಮುಚ್ಚಿಸಿದ, ನೀವಿಬ್ಬರೂ ಪ್ರೀತಿಯಿಂದ ದಿನಾ ಮುಚ್ಚಿಸಿದಿರಿ. ನಾನು ಸತ್ತಿದ್ದೀನಾ?

ಅರ್ಥ ನಾನು ಹೇಳ್ತೀನಿ, ಬರ್ಕೋ. ಆ ಮೀನು ಬೇಕು ಅಂತ ಕಾರಲ್ಲ. ಆಳದಲ್ಲಿ ಅದು ಎಲ್ಲ ಮೀನಿನ ಹಾಗೆ ತನ್ನ ಪಾಡಿಗೆ ಇರುತ್ತೆ. ಬಲೆ ಹಾಕಿ ಎಳೆಯೋರು ಎಳೀತಾರೆ, ಅದರ ಒಡಲು ತಡೆಯಲಾರದೆ ಬಾಯಿಗೆ ಬರುತ್ತೆ. ಆಮೇಲೆ ಎಳೆದವರೇ ನೋಡಿ ಹೇಸ್ತಾರೆ.

ಇದನ್ನು ತಗೊಂಡು ನಿನ್ನ ಕಚೇರಿಗೆ ಹೋಗು. ಅವತ್ತು ಗಟ್ಟಿಯಾಗಿ ಓದಿದೆಯಲ್ಲ, ಅಷ್ಟೇ ಗಟ್ಟಿಯಾಗಿ ಓದು. ಯಾರಾದರೂ ನಕ್ಕರೆ ನಗಲಿ. ಅವರ ನಗು ನಿಲ್ಲೋವರೆಗೂ ನೀನು ಓದ್ತಾ ಇರು.

ಅಮ್ಮ